ಅವಮೌದರ್ಯ ತಪ: ಎಚ್ಚರಿಕೆಯಿಂದ ವ್ರತದವರೆಗೆ

ಸಂಸಾರಿ ಜೀವನನ್ನು ಅನಾದಿಕಾಲದಿಂದ ನಾಲ್ಕು ಸಂಜ್ಞೆಗಳು ಕಾಡುತ್ತ ಬಂದಿವೆಯೆಂದು ಆಗಮವು ತಿಳಿಸುತ್ತದೆ. ಆಹಾರ, ಭಯ, ಮೈಥುನ, ಪರಿಗ್ರಹ ಎಂಬಿವೇ ಆ ನಾಲ್ಕು. ಇವುಗಳಲ್ಲಿ ಆಹಾರಸಂಜ್ಞೆಯನ್ನು ಮೊದಲು ಎಣಿಸಿರುವುದು ಅಕಾರಣವಲ್ಲ. ಹುಟ್ಟಿದ ಶಿಶುವು ತಾಯಿಯ ಮುಖವನ್ನು ಗುರುತಿಸುವುದಕ್ಕೆ ಮೊದಲೇ ಹಾಲನ್ನು ಹುಡುಕುತ್ತದೆ. ಮುಪ್ಪಿನಲ್ಲಿ ಮಕ್ಕಳ ಹೆಸರು ಮರೆತವನಿಗೂ ಊಟದ ಹೊತ್ತು ಮರೆಯುವುದಿಲ್ಲ. ಇಂತಹ ಪ್ರಬಲವಾದ ಸಂಜ್ಞೆಯನ್ನು ಯಾವುದರಿಂದ ಗೆಲ್ಲಬೇಕು? ಭಯದಿಂದ ಗೆಲ್ಲಬಹುದೆಂದು ಲೋಕವು ಎಣಿಸುತ್ತದೆ. ಆದರೆ ಭಯವೂ ನಾಲ್ಕು ಸಂಜ್ಞೆಗಳಲ್ಲಿ ಒಂದು ಎಂಬುದನ್ನು ಮರೆಯಬಾರದು. ಒಬ್ಬ ಕಳ್ಳನನ್ನು ಕಾಯಲು ಇನ್ನೊಬ್ಬ ಕಳ್ಳನನ್ನು ನಿಲ್ಲಿಸಿದರೆ ಮನೆಯು ಎಷ್ಟು ದಿನ ಉಳಿದೀತು? ಈ ವಿಷಯವನ್ನು ಒಂದು ದೃಷ್ಟಾಂತದ ಮೂಲಕ ವಿಚಾರಿಸುವುದು ಉಚಿತವಾಗಿದೆ.

ಬಳ್ಳಾರಿಗೆ ಸಮೀಪದ ರೂಪನಗುಡಿಯ ಕಡೆ, ಎರೆಭೂಮಿಯ ನಡುವೆ, ಹತ್ತಿ ಮತ್ತು ಕಾಳಿನ ವ್ಯಾಪಾರ ಮಾಡುವ ಒಬ್ಬ ಶ್ರಾವಕನನ್ನು ಕಲ್ಪಿಸಿಕೊಳ್ಳಬಹುದು. ಅವನ ವಯಸ್ಸು 52. ದೇವದರ್ಶನ ತಪ್ಪಿಸಿದವನಲ್ಲ, ಸೋಸದ ನೀರು ಕುಡಿದವನಲ್ಲ, ಕಂದಮೂಲಗಳನ್ನು ಬಾಲ್ಯದಿಂದಲೂ ಮುಟ್ಟಿದವನಲ್ಲ, ಸೂರ್ಯಾಸ್ತದ ನಂತರ ಅವನ ಮನೆಯಲ್ಲಿ ಎಲೆ ಹಾಕಿದ್ದಿಲ್ಲ. ಒಂದು ದಿನ ಅಂಗಡಿಯ ಮೆಟ್ಟಿಲನ್ನೇರುವಾಗ ಅವನಿಗೆ ಏದುಸಿರು ಬಂದಿತು. ಬಳ್ಳಾರಿಯ ವೈದ್ಯರು ಪರೀಕ್ಷಿಸಿದರು. ಎತ್ತರ 165 ಸೆಂಟಿಮೀಟರು, ತೂಕ 84 ಕಿಲೋ, ಸೊಂಟದ ಸುತ್ತಳತೆ 104 ಸೆಂಟಿಮೀಟರು. ಬರಿಹೊಟ್ಟೆಯ ರಕ್ತದಲ್ಲಿ ಸಕ್ಕರೆಯ ಅಂಶ 118. ವೈದ್ಯರು ಹೇಳಿದುದು ಇಷ್ಟೇ: “ನಿಮಗೆ ಇನ್ನೂ ಮಧುಮೇಹ ಬಂದಿಲ್ಲ, ಆದರೆ ಅದು ಹೊಸ್ತಿಲ ಮೇಲೆ ನಿಂತಿದೆ. ರಕ್ತದ ಒತ್ತಡವೂ ಏರಿದೆ. ನಿಮ್ಮ ತಂದೆಯವರು ಹೃದಯದ ಬೇನೆಯಿಂದ 58ರಲ್ಲಿ ತೀರಿಕೊಂಡರೆಂದು ನೀವೇ ಹೇಳಿದಿರಿ. ಆರು ಕಿಲೋ ತೂಕ ಇಳಿಸಿರಿ. ಮೂರು ತಿಂಗಳ ನಂತರ ಬನ್ನಿರಿ.”

ಆ ರಾತ್ರಿ ಅವನಿಗೆ ನಿದ್ರೆ ಬರಲಿಲ್ಲ. 58ರಿಂದ 52ನ್ನು ಕಳೆದರೆ ಉಳಿಯುವುದು ಆರು. ಲೆಕ್ಕದ ಪುಸ್ತಕದಲ್ಲಿ ಎಂದೂ ತಪ್ಪದ ಆ ವರ್ತಕನಿಗೆ ಈ ಸಣ್ಣ ವ್ಯವಕಲನವು ಎದೆಯ ಮೇಲೆ ಕಲ್ಲಿಟ್ಟಂತಾಯಿತು. ಮರುದಿನದಿಂದ ತುಪ್ಪ ನಿಂತಿತು, ಸಿಹಿ ನಿಂತಿತು, ಬೆಳಗಿನ ಜಾವ ನಡಿಗೆ ಆರಂಭವಾಯಿತು. ಮನೆಯವರೆಲ್ಲರೂ ಸಂತೋಷಪಟ್ಟರು. ಇಪ್ಪತ್ತು ದಿನಗಳು ಹೀಗೆ ಕಳೆದವು. ಬಳಿಕ ವೈದ್ಯರು ಬರೆದುಕೊಟ್ಟ ಹಾಳೆಯು ಜೇಬಿನಿಂದ ಅಂಗಡಿಯ ಗಲ್ಲಾಪೆಟ್ಟಿಗೆಗೆ ಹೋಯಿತು. ಅಲ್ಲಿಂದ ಹಳೆಯ ರಸೀತಿಗಳ ಕೆಳಗೆ ಸೇರಿತು. ಬಂಧುಗಳ ಮನೆಯಲ್ಲಿ ಮದುವೆ ಬಂದಿತು. “ಒಂದು ದಿನಕ್ಕೆ ಏನಾಗುತ್ತದೆ?” ಎಂದರು. ಒಂದು ದಿನವು ಒಂದು ವಾರವಾಯಿತು. ಹಾಳೆಯಲ್ಲಿದ್ದ ಅಂಕಿಗಳು ಹಾಗೆಯೇ ಇದ್ದವು. ಭಯವು ಮಾತ್ರ ಇರಲಿಲ್ಲ.

ಇದು ಆ ಒಬ್ಬ ಗೃಹಸ್ಥನ ದೌರ್ಬಲ್ಯವೆಂದು ತಿಳಿಯಬಾರದು. ಚಾವುಂಡರಾಯನ ಕಾಲದಲ್ಲಿ, 10ನೆಯ ಶತಮಾನದಲ್ಲಿ, ಸಿದ್ಧಾಂತಚಕ್ರವರ್ತಿ ನೇಮಿಚಂದ್ರಾಚಾರ್ಯರು ಗೊಮ್ಮಟಸಾರದ ಜೀವಕಾಂಡದಲ್ಲಿ ಈ ಸಂಜ್ಞೆಗಳು ಹುಟ್ಟುವ ಕಾರಣಗಳನ್ನು ವಿವರಿಸಿದ್ದಾರೆ. ಭಯಂಕರವಾದುದನ್ನು ಕಾಣುವುದರಿಂದಲೂ, ಅದನ್ನೇ ನೆನೆಯುವುದರಿಂದಲೂ, ಶಕ್ತಿಹೀನತೆಯಿಂದಲೂ, ಅಂತರಂಗದಲ್ಲಿ ಭಯಕರ್ಮದ ಉದೀರಣೆಯಿಂದಲೂ ಭಯಸಂಜ್ಞೆಯು ಉಂಟಾಗುತ್ತದೆ. ಆಹಾರಸಂಜ್ಞೆಗೂ ಇದೇ ರೀತಿಯಲ್ಲಿ ನಾಲ್ಕು ಕಾರಣಗಳು: ಆಹಾರವನ್ನು ಕಾಣುವುದು, ಅದರ ಕಡೆಗೆ ಮನಸ್ಸನ್ನು ಹರಿಸುವುದು, ಹೊಟ್ಟೆ ಬರಿದಾಗುವುದು, ಅಸಾತಾವೇದನೀಯ ಕರ್ಮದ ಉದೀರಣೆ. ಎರಡನ್ನೂ ತೂಗಿ ನೋಡಬೇಕು. ರೋಗದ ಭಯವು ಕಾಣುವುದು ವೈದ್ಯರ ಮುಂದೆ ಕುಳಿತಾಗ ಮಾತ್ರ, ಅದೂ ಮೂರು ತಿಂಗಳಿಗೊಮ್ಮೆ. ಆಹಾರವು ಕಾಣುವುದು ದಿನಕ್ಕೆ ಹತ್ತು ಬಾರಿ. ಭಯವನ್ನು ನೆನೆಯಲು ಯಾರಿಗೂ ಇಷ್ಟವಿಲ್ಲ. ರುಚಿಯನ್ನು ನೆನೆಯಲು ಯಾರೂ ಹೇಳಿಕೊಡಬೇಕಾಗಿಲ್ಲ. ಹೀಗಿರುವಾಗ ಭಯವು ಹಸಿವಿನೊಡನೆ ಹೋರಾಡಿ ಸೋಲುವುದರಲ್ಲಿ ಆಶ್ಚರ್ಯವೇನಿದೆ?

ಇಂದಿನ ವೈದ್ಯಶಾಸ್ತ್ರವೂ ಇದಕ್ಕೆ ಪೂರಕವಾದ ಒಂದು ಸಂಗತಿಯನ್ನು ಕಂಡುಕೊಂಡಿದೆ. ತೂಕ ಇಳಿಯತೊಡಗಿದೊಡನೆ ದೇಹವು ಅದನ್ನು ನಷ್ಟವೆಂದೇ ಬಗೆದು ಹಸಿವನ್ನು ಹೆಚ್ಚಿಸುತ್ತದೆ, ಶಕ್ತಿಯ ವ್ಯಯವನ್ನು ತಗ್ಗಿಸುತ್ತದೆ. ಆದುದರಿಂದ ಇಳಿಸುವುದಕ್ಕಿಂತ ಇಳಿಸಿದುದನ್ನು ಉಳಿಸಿಕೊಳ್ಳುವುದು ಕಠಿಣ. ದಿನ ಕಳೆದಂತೆ ಭಯವು ಕ್ಷೀಣಿಸುತ್ತದೆ, ಹಸಿವು ಬಲಿಯುತ್ತದೆ. ಕೇವಲ ಭಯದಿಂದ ಹೊರಟವನು ನಡುದಾರಿಯಲ್ಲಿ ನಿಲ್ಲುವುದು ಈ ಕಾರಣದಿಂದಲೇ.

ಈ ಸಂಕಟವು ಒಂದು ಊರಿನದೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ. ನೂರು ಮಂದಿ ವಯಸ್ಕರಲ್ಲಿ ಸುಮಾರು 40 ಮಂದಿಗೆ ಹೊಟ್ಟೆಯ ಸುತ್ತ ಕೊಬ್ಬು ಸೇರಿದೆ. ಭಾರತೀಯರಲ್ಲಿ ಪುರುಷರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರನ್ನೂ ಸ್ತ್ರೀಯರಿಗೆ 80 ಸೆಂಟಿಮೀಟರನ್ನೂ ಮೀರಿದರೆ ಎಚ್ಚರಗೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ. ಬಳ್ಳಾರಿ ಸೀಮೆಯಲ್ಲಿ ಹಿಂದಿನವರು ಜೋಳದ ರೊಟ್ಟಿ, ಕಾಳುಪಲ್ಯ, ಮಜ್ಜಿಗೆಯನ್ನುಂಡು ಎರೆಹೊಲದಲ್ಲಿ ದಿನವಿಡೀ ದುಡಿಯುತ್ತಿದ್ದರು. ಸಂತೆಗೆ ನಡೆದು ಹೋಗುತ್ತಿದ್ದರು. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗಳಿಗೆ ಹರಿದ ಮೇಲೆ ಸಿರುಗುಪ್ಪದ ಕಡೆ ಬತ್ತದ ಗದ್ದೆಗಳು ಹಬ್ಬಿದವು. ಬಿಳಿಯ ಅನ್ನವು ಹಬ್ಬದ ಎಲೆಯಿಂದ ದಿನದ ತಟ್ಟೆಗೆ ಬಂದಿತು. ಅದು ಸಮೃದ್ಧಿಯ ಸಂಗತಿಯೇ ಹೌದು. ಆದರೆ ಕಾಲು ನಡೆಯುವುದನ್ನು ಬಿಟ್ಟಿತು, ಕೈ ದುಡಿಯುವುದನ್ನು ಬಿಟ್ಟಿತು, ಹೊಟ್ಟೆ ಮಾತ್ರ ತನ್ನ ಹಳೆಯ ಪಾಲನ್ನು ಬಿಡಲಿಲ್ಲ. ಅದರ ಮೇಲೆ ಹೊಸ ಪಾಲನ್ನೂ ಕೇಳಿತು. ಗಡ್ಡೆಗೆಣಸನ್ನು ತ್ಯಜಿಸಿದ ಮನೆಯಲ್ಲಿಯೂ ಬಾಣಲೆಯ ಎಣ್ಣೆ ಆರುವುದಿಲ್ಲವೆಂದರೆ ತ್ಯಾಗವು ಎಲ್ಲಿ ನಿಂತಿತೆಂಬುದನ್ನು ವಿಚಾರಿಸಬೇಕಾಗುತ್ತದೆ.

ಆ ಶ್ರಾವಕನಿಗೆ ಭಯವು ಸಾಲದೆ ಹೋದಾಗ ಅವನು ಧರ್ಮದ ಕಡೆಗೆ ತಿರುಗಿದನು. ಅಷ್ಟಮಿ, ಚತುರ್ದಶಿಗಳಲ್ಲಿ ಉಪವಾಸ ಮಾಡಿದರೆ ಪುಣ್ಯವೂ ಆದೀತು, ತೂಕವೂ ಇಳಿದೀತೆಂದು ಎಣಿಸಿ ಎರಡು ತಿಂಗಳಲ್ಲಿ ಎಂಟು ಉಪವಾಸಗಳನ್ನು ಮಾಡಿದನು. ತಕ್ಕಡಿಯಲ್ಲಿ ನಿಂತು ನೋಡಿದರೆ 85 ಕಿಲೋ! ಅವನು ಖಿನ್ನನಾಗಿ ತಾಯಿಯ ಬಳಿ ಕುಳಿತನು.

“ಅವ್ವಾ, ಎಂಟು ಉಪವಾಸ ಮಾಡಿದೆ. ಒಂದು ಕಿಲೋ ಇಳಿಯುವುದರ ಬದಲು ಏರಿದೆ. ನನ್ನ ಕರ್ಮವೇ ಹೀಗೆ.”

ಆ ವೃದ್ಧೆಯು ಜಪಸರವನ್ನು ಕೆಳಗಿಟ್ಟು ಹೇಳಿದಳು: “ಮಗನೇ, ಕರ್ಮದ ಮೇಲೆ ಏಕೆ ಹೊರಿಸುತ್ತೀ? ಎಂಟು ದಿನಗಳ ಲೆಕ್ಕವನ್ನು ನೀನು ಇಟ್ಟಿರುವೆ. ಆ ಎಂಟು ದಿನಗಳ ಹಿಂದಿನ ರಾತ್ರಿಗೆ ಮೊದಲು ಉಂಡ ಹೋಳಿಗೆಯ ಲೆಕ್ಕವನ್ನೂ, ಮರುದಿನ ಪಾರಣೆಗೆಂದು ಮಾಡಿಸಿದ ಕಡುಬಿನ ಲೆಕ್ಕವನ್ನೂ ಯಾರು ಇಟ್ಟಿದ್ದಾರೆ? ಉಪವಾಸದ ದಿನವೆಲ್ಲ ನೀನು ಪಾರಣೆಯನ್ನೇ ಉಣ್ಣುತ್ತಿದ್ದೆ, ಮನಸ್ಸಿನಲ್ಲಿ.”

ತಾಯಿಯ ಮಾತು ಶಾಸ್ತ್ರಸಮ್ಮತವಾದುದೇ ಆಗಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರೋಷಧೋಪವಾಸದ ಸ್ವರೂಪವನ್ನು ಹೇಳುವಾಗ, ನಾಲ್ಕು ವಿಧದ ಆಹಾರಗಳ ತ್ಯಾಗವೇ ಉಪವಾಸವೆಂದೂ, ಒಂದೇ ಬಾರಿ ಉಣ್ಣುವುದು ಪ್ರೋಷಧವೆಂದೂ ವಿವರಿಸಿದ್ದಾರೆ. ಉಪವಾಸದ ಮುನ್ನಾದಿನ ಒಂದೇ ಊಟ, ಮರುದಿನವೂ ಒಂದೇ ಊಟ. ಇವೆರಡರ ನಡುವೆ ಕುಳಿತಿರುವುದು ಉಪವಾಸ. ಪ್ರಾಚೀನರು ಉಪವಾಸದ ಎರಡು ಕಡೆಯೂ ಸಂಯಮದ ಗೋಡೆ ಕಟ್ಟಿದರು. ಇಂದಿನವರು ಆ ಎರಡು ಗೋಡೆಗಳನ್ನೂ ಕೆಡವಿ ಅಲ್ಲಿ ಎರಡು ಭೋಜನಶಾಲೆಗಳನ್ನು ಕಟ್ಟಿದ್ದಾರೆ. ಹಿಂದೆ ತುಂಬಿಸಿಕೊಂಡು, ಮುಂದೆ ತುಂಬಿಸಿಕೊಳ್ಳುವ ಆಸೆಯಿಂದ ನಡುವೆ ಬರಿದಾಗಿರುವುದು ಹಸಿವನ್ನು ಕೂಡಿಡುವ ವ್ಯಾಪಾರವೇ ಹೊರತು ತಪವಲ್ಲ. ಅದರಿಂದ ನಿರ್ಜರೆಯೂ ಇಲ್ಲ, ಆರೋಗ್ಯವೂ ಇಲ್ಲ.

ಆ ದಿನಗಳಲ್ಲಿ ಒಬ್ಬ ಕ್ಷುಲ್ಲಕರು ವಿಹಾರ ಮಾಡುತ್ತ ಬಳ್ಳಾರಿಗೆ ಬಂದಿದ್ದರೆಂದೂ, ಶ್ರಾವಕನು ಅವರ ದರ್ಶನಕ್ಕೆ ಹೋದನೆಂದೂ ಭಾವಿಸಬಹುದು. “ಇಚ್ಛಾಮಿ” ಎಂದು ವಂದಿಸಿ, “ಧರ್ಮವೃದ್ಧಿಯಾಗಲಿ” ಎಂಬ ಆಶೀರ್ವಾದ ಪಡೆದು, ಅವನು ತನ್ನ ಶಂಕೆಯನ್ನು ಮುಂದಿಟ್ಟನು.

“ಮಹಾರಾಜರೇ, ಉಪವಾಸದಿಂದ ದೇಹದ ಭಾರ ಇಳಿಯಲೆಂದು ಬಯಸಿದೆನು. ಅದು ನಿದಾನವಾಯಿತೇ? ಶಲ್ಯವುಳ್ಳವನು ವ್ರತಿಯಲ್ಲವೆಂದು ಕೇಳಿದ್ದೇನೆ. ಹಾಗಾದರೆ ರೋಗದ ಭಯವಿರುವವನು ವ್ರತವನ್ನೇ ಹಿಡಿಯಬಾರದೇ?”

ಈ ಪ್ರಶ್ನೆಯು ಸಣ್ಣದಲ್ಲ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನೇ ವ್ರತಿಯೆಂದು ತತ್ತ್ವಾರ್ಥಸೂತ್ರದ ನಿರ್ಣಯವಿದೆ. ತಪಸ್ಸನ್ನು ಮಾರಿ ಭೋಗವನ್ನು ಕೊಳ್ಳುವ ಬಯಕೆಯೇ ನಿದಾನ. ಇಂದು ಹಸಿದಿದ್ದು ತೂಕ ಇಳಿಸಿಕೊಂಡರೆ ನಾಳೆ ನಿರ್ಭಯವಾಗಿ ಮತ್ತೆ ಉಣ್ಣಬಹುದೆಂದು ಎಣಿಸುವವನಲ್ಲಿ ನಿದಾನದ ವಾಸನೆ ಇದ್ದೇ ಇರುತ್ತದೆ. ಆದರೆ ಆರೋಗ್ಯದ ಅಪೇಕ್ಷೆಯೆಲ್ಲವೂ ನಿದಾನವೇ? ಕ್ಷುಲ್ಲಕರು ಕೊಟ್ಟ ಸಮಾಧಾನವು ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯನ್ನು ಆಧರಿಸಿದ್ದಿತು.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರು ಬಾಹ್ಯ ತಪಗಳನ್ನು ಎಣಿಸಿದೆ: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ. ಇವುಗಳಿಗೆ ಪ್ರಯೋಜನವನ್ನು ಹೇಳುವಾಗ ಪೂಜ್ಯಪಾದರು ಒಂದು ಸೂಕ್ಷ್ಮವಾದ ಭೇದವನ್ನು ತೋರಿಸಿದ್ದಾರೆ. ಅನಶನವನ್ನು, ಎಂದರೆ ಪೂರ್ಣ ಉಪವಾಸವನ್ನು, ಕಣ್ಣಿಗೆ ಕಾಣುವ ಲೌಕಿಕ ಫಲವನ್ನು ಅಪೇಕ್ಷಿಸದೆ ಮಾಡಬೇಕು. ಸಂಯಮದ ಸಿದ್ಧಿ, ರಾಗದ ಉಚ್ಛೇದ, ಕರ್ಮದ ನಾಶ, ಧ್ಯಾನದ ಪ್ರಾಪ್ತಿ ಇವೇ ಅದರ ಗುರಿ. ಅವಮೌದರ್ಯಕ್ಕೆ ಬಂದಾಗ ಅವರು ಹೇಳುವ ಪ್ರಯೋಜನಗಳೇ ಬೇರೆ: ಸಂಯಮದಲ್ಲಿ ಎಚ್ಚರ, ದೋಷಗಳ ಶಮನ, ಸಂತೋಷ, ಸ್ವಾಧ್ಯಾಯಾದಿಗಳ ಸುಖಸಿದ್ಧಿ. ದೋಷಗಳ ಶಮನವೆಂಬ ಮಾತನ್ನು ಗಮನಿಸಬೇಕು. ಹೊಟ್ಟೆಯನ್ನು ಕೊಂಚ ಬರಿದಾಗಿಟ್ಟುಕೊಳ್ಳುವ ಈ ತಪಕ್ಕೆ ದೇಹದ ಸ್ವಾಸ್ಥ್ಯವೂ ಒಂದು ನ್ಯಾಯವಾದ ಫಲವೆಂದು ಆಚಾರ್ಯರೇ ಒಪ್ಪಿದ್ದಾರೆ.

“ಶ್ರಾವಕರೇ,” ಎಂದರು ಕ್ಷುಲ್ಲಕರು, “ನೀವು ಬಾಗಿಲನ್ನು ತಪ್ಪಿದ್ದೀರಿ. ವೈದ್ಯರು ಕಳುಹಿಸಿದ್ದು ಅವಮೌದರ್ಯದ ಬಾಗಿಲಿಗೆ. ನೀವು ಹೋಗಿ ತಟ್ಟಿದ್ದು ಅನಶನದ ಬಾಗಿಲನ್ನು. ಅನಶನವನ್ನು ಆತ್ಮಕ್ಕಾಗಿ ಮಾಡಿರಿ; ಅದರ ಜೊತೆ ತಕ್ಕಡಿಯನ್ನು ಒಯ್ಯಬೇಡಿರಿ. ಅವಮೌದರ್ಯದಲ್ಲಿ ಆತ್ಮಕ್ಕೂ ದೇಹಕ್ಕೂ ಜಗಳವಿಲ್ಲ.”

“ದೇಹವು ಪರದ್ರವ್ಯ. ಅದರ ಚಿಂತೆ ಮಾಡುವುದೇ ಮೋಹವಲ್ಲವೇ?”

ಅದಕ್ಕೆ ಅವರು ಸಮಂತಭದ್ರರ ಕಥೆಯನ್ನು ಹೇಳಿದರು. ಅದು ಜೈನ ಮನೆಗಳಲ್ಲಿ ಹಿಂದಿನಿಂದ ಕೇಳಿಬಂದ ಕಥೆ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ 1129ರ ಮಲ್ಲಿಷೇಣ ಪ್ರಶಸ್ತಿಯೆಂಬ ಶಾಸನದಲ್ಲಿಯೂ ಅದರ ಉಲ್ಲೇಖವಿದೆ. ಸಮಂತಭದ್ರ ಮುನಿಗಳಿಗೆ ಭಸ್ಮಕವ್ಯಾಧಿಯು ಬಂದಿತು. ಎಷ್ಟು ಉಂಡರೂ ಭಸ್ಮವಾಗುವ ರೋಗವದು. ದಿನಕ್ಕೊಮ್ಮೆ ನಿಂತು ಅಂಜಲಿಪುಟದಲ್ಲಿ ಆಹಾರ ಸ್ವೀಕರಿಸುವ ದಿಗಂಬರ ಮುನಿಗೆ ಅದಕ್ಕಿಂತ ದೊಡ್ಡ ಉಪಸರ್ಗವಿಲ್ಲ. ಅವರು ಗುರುಗಳ ಬಳಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ. ಇವರ ಆಯುಷ್ಯ ಇನ್ನೂ ಇದೆ, ಇವರಿಂದ ಜಿನಶಾಸನಕ್ಕೆ ಆಗಬೇಕಾದ ಕಾರ್ಯವಿದೆ ಎಂದು ಅರಿತು, ಮುನಿವೇಷವನ್ನು ಇಳಿಸಿಟ್ಟು ವ್ಯಾಧಿಯನ್ನು ಶಮನಗೊಳಿಸಿಕೊಂಡು ಮತ್ತೆ ದೀಕ್ಷೆ ಪಡೆಯುವಂತೆ ಆಜ್ಞಾಪಿಸಿದರು. ಸಮಂತಭದ್ರರು ದೇಶ ಸುತ್ತಿ, ಶಿವಕೋಟಿ ಮಹಾರಾಜನ ಶಿವಾಲಯದಲ್ಲಿ ಪ್ರತಿದಿನ ಅರ್ಪಿತವಾಗುತ್ತಿದ್ದ ಅಪಾರ ನೈವೇದ್ಯವನ್ನು ಬಾಗಿಲು ಮುಚ್ಚಿಕೊಂಡು ಉಣ್ಣುತ್ತ ಕಾಲ ಕಳೆದರು. ಆ ಊರು ಕಾಂಚಿಯೆಂದು ಕೆಲವರು, ಕಾಶಿಯೆಂದು ಕೆಲವರು ಹೇಳುತ್ತಾರೆ. ದಿನಗಳು ಕಳೆದಂತೆ ರೋಗವು ತಗ್ಗಿತು, ನೈವೇದ್ಯವು ಉಳಿಯತೊಡಗಿತು. ಆ ಉಳಿದ ಅನ್ನದಿಂದಲೇ ಅರಸನಿಗೆ ಸಂಶಯ ಬಂದಿತು. ಮುಂದೆ ಅವರು ಸ್ವಯಂಭೂಸ್ತೋತ್ರದಿಂದ ಜಿನರನ್ನು ಸ್ತುತಿಸಿದುದು, ಚಂದ್ರಪ್ರಭ ತೀರ್ಥಂಕರರ ಬಿಂಬವು ಪ್ರಕಟವಾದುದು, ಅವರು ಮರಳಿ ದೀಕ್ಷೆ ಕೈಗೊಂಡುದು ಎಲ್ಲರೂ ಕೇಳಿದ ಸಂಗತಿಯೇ.

ಈ ಕಥೆಯಲ್ಲಿ ಬಿಂಬವು ಪ್ರಕಟವಾದ ಅತಿಶಯವನ್ನು ಎಲ್ಲರೂ ನೆನೆಯುತ್ತಾರೆ. ಉಳಿದ ಅನ್ನವನ್ನು ಯಾರೂ ನೆನೆಯುವುದಿಲ್ಲ. ಆದರೆ ರೋಗ ವಾಸಿಯಾದುದಕ್ಕೆ ಗುರುತಾಗಿ ನಿಂತದ್ದು ಅದೇ. ಇನ್ನೂ ಇದೆ, ಆದರೂ ಬೇಡ ಎಂದು ಕೈ ತೊಳೆಯಬಲ್ಲವನೇ ಆರೋಗ್ಯವಂತನು. ಭಸ್ಮಕದಲ್ಲಿ ಉಂಡ ಅನ್ನವು ಉರಿದುಹೋಗುತ್ತಿತ್ತು. ಇಂದಿನ ರೋಗದಲ್ಲಿ ಉಂಡ ಅನ್ನವು ಕೊಬ್ಬಾಗಿ ಸೇರುತ್ತದೆ. ದಾರಿ ಬೇರೆಯಾದರೂ ಎರಡರಲ್ಲಿಯೂ ಅಳತೆಯೇ ಇಲ್ಲ. ಸಲ್ಲೇಖನಕ್ಕೆ ಸಿದ್ಧನಾದ ಮುನಿಗೇ ದೇಹವನ್ನು ಸರಿಪಡಿಸಿಕೊಂಡು ಬರಲು ಗುರುವಿನ ಆಜ್ಞೆಯಾದ ಮೇಲೆ ಗೃಹಸ್ಥನು ದೇಹವನ್ನು ಕೆಡಿಸಿಕೊಂಡು ಅದನ್ನು ವೈರಾಗ್ಯವೆಂದು ಕರೆಯುವುದು ಹೇಗೆ ಸಲ್ಲುತ್ತದೆ? ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದೊಡನೆ ಸಂಬಂಧವಿದ್ದ, 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದುದೂ ದೇಹಮೋಹದಿಂದಲ್ಲ. ದೇಹವು ಧರ್ಮಕ್ಕೆ ಸಾಧನವೆಂಬ ವಿವೇಕದಿಂದ.

ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರರ ಜೀವನವು ಈ ವಿವೇಕಕ್ಕೆ ಸಮೀಪಕಾಲದ ಉದಾಹರಣೆಯಾಗಿದೆ. 1872ರಲ್ಲಿ ಜನಿಸಿ, ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದಲ್ಲಿ ಬೆಳೆದು, ದೀಕ್ಷೆಯ ನಂತರ ಅಸಂಖ್ಯ ಉಪವಾಸಗಳನ್ನು ಮಾಡಿದ ಆ ಮಹಾತ್ಮರು ಕಣ್ಣು ಕಾಣುವವರೆಗೆ ದೇಹಕ್ಕೆ ಮಿತವಾದ ಆಹಾರವನ್ನು ಕೊಟ್ಟು ಅದರಿಂದ ಧರ್ಮದ ಕೆಲಸವನ್ನು ಮಾಡಿಸಿಕೊಂಡರು. ದೃಷ್ಟಿಯು ಮಂದವಾಗಿ, ನಡೆಯುವಾಗ ಜೀವದಯೆಯನ್ನು ಪಾಲಿಸಲು ಸಾಧ್ಯವಿಲ್ಲವೆಂದು ಕಂಡಾಗ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತ ಸ್ವೀಕರಿಸಿ 1955ರ ಸೆಪ್ಟೆಂಬರ್ 18ರಂದು ಸಮಾಧಿಸ್ಥರಾದರು. ಉಪಕರಣವು ಉಪಯೋಗಕ್ಕೆ ಬರುವವರೆಗೆ ರಕ್ಷಣೆ, ಬಾರದಾದಾಗ ಶಾಂತವಾದ ತ್ಯಾಗ. ನಾಲಿಗೆಯ ಚಾಪಲ್ಯದಿಂದ ಉಪಕರಣವನ್ನು ಕೆಡಿಸುವುದಕ್ಕೆ ಈ ಎರಡರಲ್ಲಿಯೂ ಸ್ಥಾನವಿಲ್ಲ.

ಹಾಗಾದರೆ ಗೃಹಸ್ಥನು ಅವಮೌದರ್ಯವನ್ನು ಹೇಗೆ ಆಚರಿಸಬೇಕು? ಪುರುಷನ ಸ್ವಾಭಾವಿಕ ಆಹಾರವು 32 ತುತ್ತುಗಳೆಂದೂ ಸ್ತ್ರೀಯದು 28 ತುತ್ತುಗಳೆಂದೂ ಮೂಲಾಚಾರ, ಭಗವತೀ ಆರಾಧನೆಗಳಲ್ಲಿ ಹೇಳಿದೆ. ಅದರಲ್ಲಿ ಒಂದು ತುತ್ತು ಕಡಿಮೆ ಮಾಡಿದರೂ ಅವಮೌದರ್ಯವು ಆರಂಭವಾಗುತ್ತದೆ. ಎಂತಹ ಕರುಣೆಯುಳ್ಳ ಮಾರ್ಗವಿದು! ಪೂರ್ಣ ಉಪವಾಸವನ್ನು ಮಾಡಲಾರದ ಅಶಕ್ತನಿಗೂ ಒಂದು ತುತ್ತನ್ನು ಬಿಡಲು ಶಕ್ತಿಯಿರುತ್ತದೆ. ಆದರೆ ಇದನ್ನು ಸುಲಭವೆಂದು ತಿಳಿಯಬಾರದು. ಉಪವಾಸದಲ್ಲಿ ಆಹಾರವು ಎದುರಿಗೆ ಇರುವುದಿಲ್ಲ. ಅವಮೌದರ್ಯದಲ್ಲಿ ಅದು ಎದುರಿಗಿರುತ್ತದೆ, ಕೈಯಲ್ಲಿಯೇ ಇರುತ್ತದೆ, ನಾಲಿಗೆಯ ಮೇಲೆ ರುಚಿ ಹತ್ತಿರುತ್ತದೆ. ಆ ಕ್ಷಣದಲ್ಲಿ ಏಳಬೇಕು. ಉಪವಾಸವು ತಿಂಗಳಿಗೆ ನಾಲ್ಕು ಬಾರಿ ಬರುತ್ತದೆ. ಈ ಪರೀಕ್ಷೆಯು ದಿನಕ್ಕೆ ಎರಡು ಬಾರಿ ಬರುತ್ತದೆ. ಮತ್ತು ಇದನ್ನು ಯಾರೂ ಕಾಣುವುದಿಲ್ಲ. ಮೆರವಣಿಗೆಯಿಲ್ಲ, ಪಾರಣೆಯ ಸಂಭ್ರಮವಿಲ್ಲ. ಆದುದರಿಂದಲೇ ಮಾನಕಷಾಯಕ್ಕೆ ಇಲ್ಲಿ ಅವಕಾಶವಿಲ್ಲ.

ಕ್ಷುಲ್ಲಕರು ಆ ಶ್ರಾವಕನಿಗೆ ಯಾವಜ್ಜೀವ ವ್ರತವನ್ನು ಕೊಡಲಿಲ್ಲ. ಭೋಗೋಪಭೋಗ ಪರಿಮಾಣದಲ್ಲಿ ಮಿತವಾದ ಕಾಲಕ್ಕೆ ಹಿಡಿಯುವುದು ನಿಯಮವೆಂದೂ ಜೀವವಿರುವವರೆಗೆ ಹಿಡಿಯುವುದು ಯಮವೆಂದೂ ಸಮಂತಭದ್ರರು ಭೇದ ಮಾಡಿದ್ದಾರೆ; ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು ಎಂದು ಅವಧಿಗಳನ್ನು ಸೂಚಿಸಿದ್ದಾರೆ. ಅದರಂತೆ ಎರಡು ತಿಂಗಳ ಒಂದು ಋತುವಿಗೆ ನಿಯಮವಾಯಿತು. ನಾಲ್ಕು ರೊಟ್ಟಿಯ ಕಡೆ ಮೂರು, ಅನ್ನ ಒಂದೇ ಸಲ, ಎರಡು ಊಟಗಳ ನಡುವೆ ಏನೂ ಇಲ್ಲ, ಊಟದಲ್ಲಿ ಮೌನ, ಇನ್ನೂ ಬೇಕೆನ್ನಿಸುವಾಗಲೇ ಏಳುವುದು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ, ಉಪ್ಪು ಎಂಬ ಆರು ರಸಗಳಲ್ಲಿ ದಿನಕ್ಕೊಂದರ ತ್ಯಾಗ. ಬೆಳಕು ಹರಿದ ಮೇಲೆ ಅರ್ಧ ಗಂಟೆ, ನೆಲವನ್ನು ನೋಡುತ್ತ, ಜೀವದಯೆಯಿಂದ, ಆದರೆ ಬಿರುಸಾಗಿ ನಡೆಯುವುದು. ಮೆಲ್ಲಗೆ ಉಣ್ಣುವವನಿಗೆ ತೃಪ್ತಿಯ ಸೂಚನೆಯು ಹೊಟ್ಟೆಯಿಂದ ಮಿದುಳನ್ನು ಮುಟ್ಟಲು ಸಮಯ ದೊರೆಯುತ್ತದೆಂದು ವೈದ್ಯರೂ ಹೇಳುತ್ತಾರೆ. ಮೌನಭೋಜನದ ಹಿರಿಮೆ ಅಲ್ಲಿಯೂ ಕಾಣುತ್ತದೆ.

ನಿಯಮಕ್ಕೂ ಭಯಕ್ಕೂ ಇರುವ ಭೇದವು ಇಲ್ಲಿ ಸ್ಪಷ್ಟವಾಗುತ್ತದೆ. ಭಯಪಟ್ಟವನು ಪ್ರತಿಯೊಂದು ಊಟದಲ್ಲಿಯೂ ತನ್ನೊಡನೆ ಹೊಸದಾಗಿ ವಾದ ಮಾಡಬೇಕು. ವಾದದಲ್ಲಿ ನಾಲಿಗೆಯು ಬಹಳ ಚತುರ. ನಿಯಮ ಹಿಡಿದವನಿಗೆ ವಾದವು ಮುಗಿದುಹೋಗಿದೆ. “ಈ ದಿನ ತಿನ್ನಲೇ?” ಎಂಬ ಪ್ರಶ್ನೆಯೇ ಅವನಿಗೆ ಏಳುವುದಿಲ್ಲ. ಬಂಧುಗಳು ಒತ್ತಾಯಿಸಿದಾಗ “ವೈದ್ಯರು ಬೇಡವೆಂದಿದ್ದಾರೆ” ಎಂದರೆ “ಒಂದು ದಿನಕ್ಕೆ ಏನಾಗುತ್ತದೆ?” ಎನ್ನುತ್ತಾರೆ, “ನಿಯಮವಿದೆ” ಎಂದರೆ ಸಾಧರ್ಮಿಕರ ಮನೆಯಲ್ಲಿ ಯಾರೂ ಎರಡನೆಯ ಬಾರಿ ಬಡಿಸುವುದಿಲ್ಲ. ಎಚ್ಚರಿಕೆಯು ಹೊರಗಿನವರ ಮಾತು. ನಿಯಮವು ತನ್ನದೇ ಮಾತು.

ಇದರಲ್ಲಿ ಮನೆಯವರೆಲ್ಲರ ಪಾಲೂ ಇದೆ. ಆಹಾರಸಂಜ್ಞೆಯ ನಾಲ್ಕು ಕಾರಣಗಳಲ್ಲಿ ಬರಿಹೊಟ್ಟೆಯನ್ನೂ ಕರ್ಮೋದಯವನ್ನೂ ಮನೆಯವರು ತಡೆಯಲಾರರು. ಕಣ್ಣಿಗೆ ಬೀಳುವುದನ್ನು ತಡೆಯಬಲ್ಲರು. ಕರಿದ ತಿಂಡಿಯ ಡಬ್ಬಿಯನ್ನು ಕೈಗೆಟಕುವಲ್ಲಿ ಇಟ್ಟು ಸಂಯಮವನ್ನು ಬೋಧಿಸಬಾರದು. ಹಾಗೆಯೇ ಎಲ್ಲರಿಗೂ ಬಡಿಸಿ, ಕೆಡುತ್ತದೆಂದು ಮಿಕ್ಕುದನ್ನೆಲ್ಲ ತಾನೇ ಉಂಡು ಮುಗಿಸುವ ಶ್ರಾವಿಕೆಯ ಆರೋಗ್ಯವನ್ನು ಯಾರು ನೋಡುತ್ತಾರೆ? ಅಳೆದು ಮಾಡಿದರೆ ಮಿಗುವುದಿಲ್ಲ. ಅವಮೌದರ್ಯವೆಂದರೆ ತಟ್ಟೆಯಲ್ಲಿ ಬಿಟ್ಟು ಚೆಲ್ಲುವುದಲ್ಲ; ತಟ್ಟೆಗೇ ಕಡಿಮೆ ಹಾಕಿಕೊಳ್ಳುವುದು.

ಎರಡು ವಿಷಯಗಳಲ್ಲಿ ಎಚ್ಚರವಿರಬೇಕು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಮೂತ್ರಪಿಂಡದ ರೋಗಿಗಳು, ಕೃಶರಾದ ವೃದ್ಧರು ವೈದ್ಯರನ್ನು ಕೇಳದೆ ಉಪವಾಸ ಮಾಡಲಾಗದು, ಆಹಾರವನ್ನು ಬಹಳ ತಗ್ಗಿಸಲೂ ಆಗದು. ಔಷಧ ಸೇವಿಸಿ ಹಸಿದಿರುವವನಿಗೆ ನಡುಕ, ಬೆವರು, ಕಣ್ಣು ಕತ್ತಲೆ ಬಂದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿರಬಹುದು; ಒಡನೆಯೇ ಸಿಹಿಯನ್ನು ಕೊಡಬೇಕು. ತ್ಯಾಗ, ತಪಗಳನ್ನು ಶಕ್ತಿಗನುಸಾರವಾಗಿ ಮಾಡಬೇಕೆಂಬುದು ಷೋಡಶಕಾರಣ ಭಾವನೆಗಳಲ್ಲಿಯೇ ಸೇರಿದೆ. ಎರಡನೆಯದಾಗಿ, ದಪ್ಪಗಿರುವವರನ್ನು ಹಾಸ್ಯ ಮಾಡಬಾರದು. ವಂಶದ ಗುಣ, ಗ್ರಂಥಿಗಳ ದೋಷ, ಕೆಲವು ಔಷಧಗಳು ಕೂಡ ದೇಹವನ್ನು ಸ್ಥೂಲಗೊಳಿಸುತ್ತವೆ. ನಾಮಕರ್ಮದ ಉದಯದಿಂದ ಬಂದ ಶರೀರವನ್ನು ನೋಡಿ ನಗುವವನು ಮಾತಿನಿಂದ ಹಿಂಸೆಯನ್ನು ಮಾಡುತ್ತಾನೆ. ನಗೆಗೆ ಗುರಿಯಾದವನು ನಾಚಿಕೆಯಿಂದ ಮರೆಯಲ್ಲಿ ಮತ್ತಷ್ಟು ತಿನ್ನುತ್ತಾನೆ.

ಅಲ್ಪವಾದ ಇಳಿಕೆಯಿಂದ ಏನಾದೀತೆಂದು ಧೈರ್ಯಗೆಡುವವರು ಒಂದು ಸಂಗತಿಯನ್ನು ತಿಳಿಯಬೇಕು. ಅಮೆರಿಕದಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ 3,234 ಜನರನ್ನು ಕುರಿತು ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೂಕದ ನೂರರಲ್ಲಿ ಏಳು ಪಾಲು ಇಳಿಕೆ ಮತ್ತು ವಾರಕ್ಕೆ 150 ನಿಮಿಷಗಳ ನಡಿಗೆಯಂತಹ ಶ್ರಮವನ್ನು ಗುರಿಯಾಗಿಟ್ಟವರಲ್ಲಿ ಮಧುಮೇಹವು ಶೇಕಡ 58ರಷ್ಟು ಕಡಿಮೆಯಾಗಿ ಬಂದಿತು. 2006ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನದಲ್ಲಿಯೂ ಆಹಾರ ಮತ್ತು ನಡಿಗೆಗಳ ಬದಲಾವಣೆಯಿಂದ ಶೇಕಡ 28.5ರಷ್ಟು ಇಳಿಕೆ ಕಂಡುಬಂದಿತು. 84 ಕಿಲೋ ತೂಕದವನಿಗೆ ನೂರರಲ್ಲಿ ಏಳು ಪಾಲೆಂದರೆ ಆರು ಕಿಲೋಗೂ ಕೊಂಚ ಕಡಿಮೆ. ವೈದ್ಯರು ಕೇಳಿದುದು ಪರ್ವತವನ್ನಲ್ಲ.

ಮೊದಲ ಋತುವು ಕಳೆದಾಗ ಆ ಶ್ರಾವಕನ ತೂಕ 82ಕ್ಕೆ ಇಳಿದಿತ್ತು. ಅವನು ನಿಯಮವನ್ನು ಇನ್ನೊಂದು ಋತುವಿಗೆ ಮುಂದುವರಿಸಿದನು, 80 ಆಯಿತು. ಮೂರನೆಯ ಋತುವಿನಲ್ಲಿ ಮುಳ್ಳು ಅಲ್ಲಿಯೇ ನಿಂತಿತು. ಒಂದು ತಿಂಗಳು ಕಳೆದರೂ ಅಲುಗಲಿಲ್ಲ. ಭಯದಿಂದ ಹೊರಟಿದ್ದರೆ ಅವನು ಅಲ್ಲಿ ನಿರಾಶನಾಗಿ ಎಲ್ಲವನ್ನೂ ಬಿಡುತ್ತಿದ್ದನು. ಅವನು ತಾಯಿಯ ಬಳಿಗೆ ಹೋಗಿ, “ಅವ್ವಾ, ತೂಕ ನಿಂತುಹೋಗಿದೆ” ಎಂದನು.

“ನಿಯಮ ನಿಂತಿದೆಯೇ?” ಎಂದು ಕೇಳಿದಳು.

“ಇಲ್ಲ.”

“ಹಾಗಾದರೆ ನಿಂತದ್ದು ತಕ್ಕಡಿ ಮಾತ್ರ” ಎಂದು ಆಕೆ ಜಪಸರವನ್ನು ಎತ್ತಿಕೊಂಡಳು.

ಅದೇ ಚಳಿಗಾಲದಲ್ಲಿ ಅವನು ತಾಯಿಯನ್ನು ಶ್ರವಣಬೆಳಗೊಳಕ್ಕೆ ಕರೆದೊಯ್ದನು. 2018ರ ಮಹಾಮಸ್ತಕಾಭಿಷೇಕದ ಸಮಯದಲ್ಲಿ ಅವನು ವಿಂಧ್ಯಗಿರಿಯ ಆರುನೂರಕ್ಕೂ ಮೀರಿದ ಮೆಟ್ಟಿಲುಗಳ ನಡುವೆ ನಾಲ್ಕು ಬಾರಿ ಕುಳಿತು ಎದ್ದಿದ್ದನು. ಈ ಬಾರಿ ಒಮ್ಮೆ ಮಾತ್ರ ಕುಳಿತನು, ಅದೂ ಡೋಲಿಯಲ್ಲಿ ಬರುತ್ತಿದ್ದ ತಾಯಿಗಾಗಿ ಕಾಯಲು. ಮೇಲೆ ಗೊಮ್ಮಟೇಶ್ವರನು ಎಂದಿನಂತೆ ನಿಂತಿದ್ದನು: ವರ್ಷವಿಡೀ ಆಹಾರವಿಲ್ಲದೆ ನಿಂತ ಯೋಗಿ, ಕಾಲಿಗೆ ಹಬ್ಬಿದ ಬಳ್ಳಿ, ಮುಖದಲ್ಲಿ ಹಸಿವಿನ ಸುಳಿವೂ ಇಲ್ಲ, ಭಯದ ಸುಳಿವೂ ಇಲ್ಲ. ಎರಡು ಸಂಜ್ಞೆಗಳನ್ನೂ ಮೀರಿದ ಆ ಮುಖವನ್ನು ಕಂಡಾಗ ಶ್ರಾವಕನಿಗೆ 58ರ ಲೆಕ್ಕವು ನೆನಪಾಗಲಿಲ್ಲ.

ಆಯುಃಕರ್ಮವು ಎಷ್ಟಿದೆಯೆಂಬುದು ಕೇವಲಜ್ಞಾನಿಗೆ ಮಾತ್ರ ಗೋಚರ. ನಿಯಮ ಹಿಡಿದವನು ನೂರು ವರ್ಷ ಬಾಳುವನೆಂದು ಯಾರೂ ಹೇಳಲಾರರು. ಆದರೆ ಇರುವಷ್ಟು ದಿನ ದೇವದರ್ಶನಕ್ಕೆ ನಡೆಯುವ ಕಾಲು, ಸ್ವಾಧ್ಯಾಯಕ್ಕೆ ನಿದ್ರೆ ತೂಗದ ಕಣ್ಣು, ಸಾಮಾಯಿಕಕ್ಕೆ ಕುಳಿತುಕೊಳ್ಳಬಲ್ಲ ಸೊಂಟ ಇವು ದೊರೆತರೆ ಅದು ಸಣ್ಣ ಲಾಭವಲ್ಲ. ವೈದ್ಯರ ಎಚ್ಚರಿಕೆಯು ಬಾಗಿಲನ್ನು ತಟ್ಟುವ ಕೈ. ಎದ್ದು ಬಾಗಿಲು ತೆರೆಯುವುದು ಶ್ರಾವಕನ ಕೆಲಸ. ಆ ಕೆಲಸಕ್ಕೆ ಪರ್ವದ ದಿನವನ್ನು ಕಾಯಬೇಕಾಗಿಲ್ಲ. ಈ ದಿನದ ಊಟದಲ್ಲಿಯೇ, 32ನೆಯ ತುತ್ತಿನಲ್ಲಿ, ಅದು ಆರಂಭವಾಗಬಹುದು. ಎಲ್ಲ ಶ್ರಾವಕ-ಶ್ರಾವಿಕೆಯರಿಗೂ ಆ ಒಂದು ತುತ್ತನ್ನು ಬಿಡುವ ಬಲವು ಲಭಿಸಲಿ. ಬಿಟ್ಟ ತುತ್ತು ಕರ್ಮನಿರ್ಜರೆಗೆ ಕಾರಣವಾಗಲಿ.